ಗುರುತು ಉಂಟು, ಪರಿಚಯ ಇಲ್ಲ

ಮಂಗಳೂರಿಗೆ ಒಂದು ಹೆಸರು ಸಾಕಾಗುವುದಿಲ್ಲ. ತುಳುವರಿಗೆ ಅದು ಕುಡ್ಲ. ಕೊಂಕಣಿಗರಿಗೆ ಕೊಡಿಯಾಲ್. ಬ್ಯಾರಿಗಳಾದ ನಮಗೆ ಮೈಕಾಲ. ಮಲಯಾಳಿಗಳಿಗೆ ಮಂಗಲಾಪುರಂ. 2014ರ ನವೆಂಬರ್ 1ರಂದು ‘ಮ್ಯಾಂಗಲೋರ್’ ಅಧಿಕೃತವಾಗಿ ‘ಮಂಗಳೂರು’ ಆಯಿತು. ಸಿಟಿ ಬಸ್ಸಿನ ಕಂಡಕ್ಟರನಿಗಂತೂ ಇಡೀ ನಗರದ ಹೆಸರೇ ‘ಸ್ಟೇಟ್‌ಬ್ಯಾಂಕ್’. ಇಲ್ಲಿ ಯಾರೂ ಇನ್ನೊಬ್ಬರು ಹೇಳುವ ಹೆಸರನ್ನು ತಿದ್ದಲು ಹೋಗುವುದಿಲ್ಲ. ಒಂದೇ ಊರನ್ನು ನಾಲ್ಕೈದು ಹೆಸರಿನಿಂದ ಕರೆಯುತ್ತಾ ಒಂದೇ ಬಸ್ಸಿನಲ್ಲಿ ಕೂತು ಹೋಗುವ ಅಭ್ಯಾಸ ಇಲ್ಲಿಯ ಜನರಿಗೆ ತಲೆಮಾರುಗಳಿಂದ ಇದೆ.

ಹೊರಗಿನಿಂದ ಬಂದವರಿಗೆ ಅಚ್ಚರಿಯಾಗುವ ಇನ್ನೊಂದು ಸಂಗತಿ ಕನ್ನಡದ್ದು. ಈ ನಗರದ ಪತ್ರಿಕೆ, ಕಚೇರಿ, ಯಕ್ಷಗಾನ, ಭಾಷಣ, ಮಸೀದಿಯ ಪ್ರಕಟಣೆ ಹೆಚ್ಚಾಗಿ ಕನ್ನಡದಲ್ಲೇ ನಡೆಯುತ್ತವೆ. ಆದರೆ ಮನೆಯೊಳಗೆ ಕನ್ನಡ ಮಾತಾಡುವವರು ಕಡಿಮೆ. ಜಿಲ್ಲೆಯಲ್ಲಿ ತುಳು ಮನೆಮಾತಿನವರೇ ಸುಮಾರು ಅರ್ಧದಷ್ಟು; ಉಳಿದವರಲ್ಲಿ ಕೊಂಕಣಿ, ಬ್ಯಾರಿ, ಮಲಯಾಳ, ಉರ್ದು ಮಾತಾಡುವವರು ಧಾರಾಳ ಇದ್ದಾರೆ. ರಾಷ್ಟ್ರಕವಿ ಗೋವಿಂದ ಪೈಗಳ ಮನೆಮಾತು ಕೊಂಕಣಿ. ಕಯ್ಯಾರ ಕಿಞ್ಞಣ್ಣ ರೈಗಳದ್ದು ತುಳು. ಕಾಸರಗೋಡಿನ ಮಲಯಾಳ ಪರಿಸರದಿಂದ ಬಂದು ಮಂಗಳೂರಿನಲ್ಲಿ ನೆಲೆಸಿದ ಸಾರಾ ಅಬೂಬಕ್ಕರ್ ತಮ್ಮ ಕತೆ-ಕಾದಂಬರಿಗಳನ್ನು ಬರೆದುದು ಕನ್ನಡದಲ್ಲಿ. 1843ರಲ್ಲಿ ಇಲ್ಲಿಂದ ‘ಮಂಗಳೂರ ಸಮಾಚಾರ’ವೆಂಬ ಮೊದಲ ಕನ್ನಡ ಪತ್ರಿಕೆಯನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಜರ್ಮನಿಯವರು. ಹೀಗೆ ಹೆಚ್ಚಿನವರ ಮನೆಮಾತಲ್ಲದ ಒಂದು ಭಾಷೆ ಎಲ್ಲರ ಮಾತಾಯಿತು. ಪರಸ್ಪರ ಮಾತಾಡಬೇಕಾದ ಅಗತ್ಯ ಇದ್ದುದರಿಂದ ಅದು ಸಾಧ್ಯವಾಯಿತು ಎಂಬುದನ್ನು ನಾವು ನೆನಪಿಡಬೇಕು. ಇಂದು ನಾವು ಹೇಳಹೊರಟಿರುವುದು ಆ ಅಗತ್ಯದ ಬಗ್ಗೆಯೇ.

ಹೊರಗಿನವರು ಬರುವುದು ಈ ಊರಿಗೆ ಹೊಸತಲ್ಲ. ಹನ್ನೆರಡನೆಯ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ ಟ್ಯುನೀಷಿಯಾದ ಕಡೆಯಿಂದ ಬಂದು ಇಲ್ಲಿ ಹಲವು ವರ್ಷ ಇದ್ದು, ಇಲ್ಲಿಯ ಹೆಣ್ಣನ್ನು ವರಿಸಿ, ಬೊಮ್ಮ ಎಂಬ ಇಲ್ಲಿಯವನನ್ನು ವ್ಯಾಪಾರದ ಕೆಲಸಕ್ಕೆ ಏಡನ್‌ಗೆ ಕಳುಹಿಸುತ್ತಿದ್ದ. ಅವನ ಪತ್ರಗಳು ಕೈರೋದ ಹಳೆಯ ಯಹೂದಿ ಪ್ರಾರ್ಥನಾಲಯವೊಂದರ ಕಾಗದದ ರಾಶಿಯಲ್ಲಿ ಉಳಿದು ನಮ್ಮ ಕಾಲಕ್ಕೆ ಸಿಕ್ಕಿವೆ. ಹದಿನಾಲ್ಕನೆಯ ಶತಮಾನದಲ್ಲಿ ಬಂದ ಇಬ್ನ್ ಬತೂತ, ಫಾರ್ಸ್ ಮತ್ತು ಯಮನ್‌ನ ವರ್ತಕರು ಇಳಿಯುವ ರೇವು ಇದೆಂದೂ ಸುಮಾರು ನಾಲ್ಕು ಸಾವಿರ ಮುಸ್ಲಿಮರು ಇಲ್ಲಿ ವಾಸಿಸುತ್ತಿದ್ದರೆಂದೂ ದಾಖಲಿಸಿದ್ದಾರೆ. 1834ರಲ್ಲಿ ಬಾಸೆಲ್ ಮಿಶನ್ ಬಂತು; ಶಾಲೆ, ಮುದ್ರಣಾಲಯ, ಹೆಂಚಿನ ಕಾರ್ಖಾನೆ ಬಂದವು. ಲಕ್ಷದ್ವೀಪದ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್ ದ್ವೀಪಗಳಂತೂ 1956ರ ತನಕ ಆಡಳಿತದ ಲೆಕ್ಕದಲ್ಲಿ ದಕ್ಷಿಣ ಕನ್ನಡದ ಭಾಗವೇ ಆಗಿದ್ದವು.

ಆದರೆ ಹಿಂದೆ ಬಂದವರು ಮುಖ್ಯವಾಗಿ ಕೊಡು-ಕೊಳ್ಳುವಿಕೆಗಾಗಿ ಬಂದವರು. ವ್ಯಾಪಾರಕ್ಕೆ ನಂಬಿಕೆ ಬೇಕು, ನಂಬಿಕೆಗೆ ಪರಿಚಯ ಬೇಕು. ಆದ್ದರಿಂದ ಬಂದವನೂ ಇದ್ದವನೂ ಒಬ್ಬರನ್ನೊಬ್ಬರು ತಿಳಿಯಲೇಬೇಕಾಗಿತ್ತು. ಇಂದು ಈ ನಗರಕ್ಕೆ ಹೆಚ್ಚಿನವರು ಬರುವುದು ಓದಲಿಕ್ಕೆ, ಚಿಕಿತ್ಸೆಗೆ ಮತ್ತು ಕೂಲಿಗೆ. ಶುಲ್ಕ ಕಟ್ಟಿದರೆ ಓದು ಸಿಗುತ್ತದೆ, ಬಿಲ್ಲು ಕಟ್ಟಿದರೆ ಚಿಕಿತ್ಸೆ ಸಿಗುತ್ತದೆ, ಮೇಸ್ತ್ರಿ ಹೇಳಿದ ಕಡೆ ಕೆಲಸ ಮಾಡಿದರೆ ಕೂಲಿ ಸಿಗುತ್ತದೆ. ಇದಕ್ಕೆಲ್ಲ ಪಕ್ಕದ ಮನೆಯವರ ಪರಿಚಯ ಬೇಕೆಂದಿಲ್ಲ.

ಮಂಗಳೂರು ಶಿಕ್ಷಣದ ಊರಾದ ಬಗೆಯನ್ನು ಸ್ವಲ್ಪ ನೋಡೋಣ. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಆರಂಭವಾಯಿತು. 1897ರಲ್ಲಿ ಕುದ್ಮುಲ್ ರಂಗರಾಯರು ದಲಿತರ ಏಳಿಗೆಗಾಗಿ ಡಿಪ್ರೆಸ್ಡ್ ಕ್ಲಾಸಸ್ ಮಿಶನ್ ಸ್ಥಾಪಿಸಿ, ಶಾಲೆಯ ಬೆಂಚು ಯಾರದ್ದು ಎಂಬ ಪ್ರಶ್ನೆಯನ್ನು ಈ ಊರಿನ ಮುಂದಿಟ್ಟರು. 1921ರಲ್ಲಿ ಸಂತ ಆಗ್ನೆಸ್ ಮಹಿಳಾ ಕಾಲೇಜು ತೆರೆಯಿತು. 1955ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಇಲ್ಲಿಗೆ ಬಂತು. ಅದರ ವಿದ್ಯಾರ್ಥಿಗಳು ಸರಕಾರಿ ವೆನ್ಲಾಕ್ ಆಸ್ಪತ್ರೆಯ ಬಡ ರೋಗಿಗಳ ಹಾಸಿಗೆಯ ಬದಿಯಲ್ಲಿ ನಿಂತು ವೈದ್ಯವಿದ್ಯೆ ಕಲಿತರು. 1960ರಲ್ಲಿ ಸುರತ್ಕಲ್‌ನಲ್ಲಿ ಆರಂಭವಾದ ಪ್ರಾದೇಶಿಕ ಇಂಜಿನಿಯರಿಂಗ್ ಕಾಲೇಜು 2002ರಲ್ಲಿ ಎನ್‌ಐಟಿಕೆ ಆಯಿತು. ಅಲ್ಲಿ ಅರ್ಧದಷ್ಟು ಸೀಟುಗಳು ಹೊರರಾಜ್ಯದವರಿಗೆ. ಕೊಣಾಜೆಯ ಗುಡ್ಡದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಾಗಿದ್ದುದು 1980ರ ಸೆಪ್ಟೆಂಬರ್ 10ರಂದು ಮಂಗಳೂರು ವಿಶ್ವವಿದ್ಯಾನಿಲಯವಾಯಿತು. ಅದರ ಮೊದಲ ಕುಲಪತಿ ಇತಿಹಾಸಕಾರ ಪ್ರೊ. ಬಿ. ಶೇಖ್ ಅಲಿ. ಮುಂದೆ ಗೋವಾ ವಿಶ್ವವಿದ್ಯಾನಿಲಯಕ್ಕೂ ಅವರೇ ಮೊದಲ ಕುಲಪತಿಯಾದರು.

ಬಳಿಕ ಬಂದುದು ಪ್ರವಾಹ. 1999 ಒಂದೇ ವರ್ಷದಲ್ಲಿ ಫಾದರ್ ಮುಲ್ಲರ್, ಕೆ.ಎಸ್. ಹೆಗ್ಡೆ, ಯೆನೆಪೋಯ ಎಂಬ ಮೂರು ವೈದ್ಯಕೀಯ ಕಾಲೇಜುಗಳು ಆರಂಭವಾದವು. 2002ರಲ್ಲಿ ಎ.ಜೆ. ಕಾಲೇಜು ಸೇರಿತು. 2008ರಲ್ಲಿ ಯೆನೆಪೋಯ ಮತ್ತು ನಿಟ್ಟೆ ಪರಿಗಣಿತ ವಿಶ್ವವಿದ್ಯಾನಿಲಯಗಳಾದವು. ನರ್ಸಿಂಗ್, ಫಾರ್ಮಸಿ, ಫಿಸಿಯೋಥೆರಪಿ, ಇಂಜಿನಿಯರಿಂಗ್ ಕಾಲೇಜುಗಳನ್ನು ಲೆಕ್ಕ ಹಾಕುವುದೇ ಕಷ್ಟ. ನಗರದ ಜನಸಂಖ್ಯೆ 2001ರಲ್ಲಿ ನಾಲ್ಕು ಲಕ್ಷದ ಆಸುಪಾಸಿನಲ್ಲಿದ್ದುದು 2011ಕ್ಕೆ ಐದು ಲಕ್ಷದ ಸಮೀಪ ಬಂತು. ಹಿಂದೆ ಪೊದೆ ಬೆಳೆದ ಗುಡ್ಡವಾಗಿದ್ದ ದೇರಳಕಟ್ಟೆಯಲ್ಲಿ ಇಂದು ರಾತ್ರಿ ಹನ್ನೊಂದರ ತನಕ ಪರೋಟ, ಶವರ್ಮಾ, ಜ್ಯೂಸ್ ಅಂಗಡಿಗಳು ಮುಚ್ಚುವುದಿಲ್ಲ. ಅಲ್ಲಿ ತುಳುವಿಗಿಂತ ಮಲಯಾಳ ಹೆಚ್ಚು ಕೇಳಿಸುತ್ತದೆ.

ಈ ಬದಲಾವಣೆಯನ್ನು ನಾವು ನಮ್ಮ ಮನೆಯ ಮಹಡಿಯಿಂದ ನೋಡುತ್ತಾ ಬಂದವರು. ಕಂಕನಾಡಿಯ ಬಳಿಯ ನಮ್ಮ ಮನೆಯಲ್ಲಿ ಮಕ್ಕಳು ಗಲ್ಫ್ ಸೇರಿದ ಮೇಲೆ ಮೇಲಿನ ಎರಡು ಕೋಣೆ ಖಾಲಿಯಾದವು. ಹತ್ತಿರದ ಕಾಲೇಜುಗಳ ವಿದ್ಯಾರ್ಥಿನಿಯರಿಗೆ ಅವನ್ನು ಬಾಡಿಗೆಗೆ ಕೊಡತೊಡಗಿದೆವು. ನಮ್ಮ ಮಕ್ಕಳು ದುಬೈ, ದಮ್ಮಾಮ್‌ಗಳ ಬಾಡಿಗೆ ಕೋಣೆಗಳಲ್ಲಿ, ಬೇರೆಯವರ ಮಕ್ಕಳು ನಮ್ಮ ಮಹಡಿಯಲ್ಲಿ. ಮೊದಲು ಬಂದವರು ಕೊಟ್ಟಾಯಂ ಕಡೆಯ ಇಬ್ಬರು ಕ್ರೈಸ್ತ ಹುಡುಗಿಯರು, ನರ್ಸಿಂಗ್ ಓದುವವರು. ನಾವು ಮಗ್ರಿಬ್ ನಮಾಝ್ ಮುಗಿಸುವ ಹೊತ್ತಿಗೆ ಮೇಲಿನಿಂದ ಅವರ ಸಂಜೆಯ ಪ್ರಾರ್ಥನೆಯ ಹಾಡು ಕೇಳಿಸುತ್ತಿತ್ತು. ಬ್ಯಾರಿಗೂ ಮಲಯಾಳಕ್ಕೂ ಇರುವ ಹತ್ತಿರದಿಂದಾಗಿ ಮಾತಿಗೆ ತೊಂದರೆಯಾಗಲಿಲ್ಲ. ನಮ್ಮ ಬ್ಯಾರಿಯಲ್ಲಿ ತುಳು ಮಾತುಗಳು ಬಂದಾಗ ಮಾತ್ರ ಅವರು ಕಣ್ಣು ಕಣ್ಣು ಬಿಡುತ್ತಿದ್ದರು.

ಬಳಿಕ ಮಣಿಪುರದ ಇಬ್ಬರು ಬಂದರು. ಅವರು ಊರಿನಿಂದ ತಂದ ಹುದುಗು ಬರಿಸಿದ ಮೀನನ್ನು ಬೇಯಿಸಿದ ದಿನ ಅಕ್ಕಪಕ್ಕದಿಂದ ದೂರು ಬಂತು. ಮಳೆಗಾಲವಿಡೀ ಒಣಮೀನು ಸುಟ್ಟು ಗಂಜಿ ಉಣ್ಣುವ ಊರಿನಲ್ಲಿ ಮೀನಿನ ವಾಸನೆಗೆ ದೂರು! ನಮ್ಮ ವಾಸನೆ ನಮಗೆ ಪರಿಮಳ, ಇನ್ನೊಬ್ಬರದ್ದು ನಾತ. ಕೆಲವರು ಅವರನ್ನು “ಚೀನಾದವರಾ?” ಎಂದು ಕೇಳುವುದಿತ್ತು. ಆ ಹುಡುಗಿಯರು ಸಿಟ್ಟಾಗುತ್ತಿರಲಿಲ್ಲ. ಅದೇ ಉತ್ತರವನ್ನು ಎಷ್ಟೋ ಸಲ ಕೊಟ್ಟು ದಣಿದವರ ಹಾಗೆ “ಇಂಡಿಯಾ” ಎನ್ನುತ್ತಿದ್ದರು. 2012ರ ಆಗಸ್ಟಿನಲ್ಲಿ ವದಂತಿಗಳಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಮಂದಿ ಬೆಂಗಳೂರಿನಿಂದ ರೈಲು ಹತ್ತಿದಾಗ ಆ ಉತ್ತರದ ದಣಿವು ನಮಗೆ ಇನ್ನಷ್ಟು ಅರ್ಥವಾಯಿತು.

ಇನ್ನೊಬ್ಬಳು ಕೊಪ್ಪಳದ ಕಡೆಯವಳು, ಬಿ.ಎಡ್. ವಿದ್ಯಾರ್ಥಿನಿ. ನಮ್ಮ ಮಾತು ಕೇಳಿದರೆ ಆಕೆಗೆ ನಗು. “ನಿಮ್ಮ ಕನ್ನಡ ಕೇಳಿದ್ರ ರೇಡಿಯೋ ವಾರ್ತೆ ಕೇಳಿದಂಗ ಆಗ್ತೈತ್ರೀ” ಎನ್ನುತ್ತಿದ್ದಳು. ಅವಳು ಹೇಳಿದ್ದು ಸರಿ. ಪುಸ್ತಕದಿಂದ ಕಲಿತ ಕನ್ನಡ ನಮ್ಮದು, ತೊಟ್ಟಿಲಿನಲ್ಲಿ ಕಲಿತದ್ದು ಅವಳದು. ಆದರೂ ಈ ಊರಿನಲ್ಲಿ ಅವಳೇ ಹೊರಗಿನವಳು. ಬಾಗಲಕೋಟೆ, ಗದಗ, ಕೊಪ್ಪಳ, ರಾಯಚೂರುಗಳಿಂದ ಬಂದವರಿಗೆ ನಮ್ಮ ಕರಾವಳಿಯಲ್ಲಿ ‘ಘಟ್ಟದವರು’ ಎಂದು ಒಂದೇ ಹೆಸರು. ಅದನ್ನು ಹೇಳುವ ಧ್ವನಿಯಲ್ಲಿ ಗೌರವ ಇರುವುದು ಅಪರೂಪ. ಆಕೆಯ ತಂದೆ ಹಿಂದೆ ಕೆಲವು ವರ್ಷ ಇದೇ ನಗರದಲ್ಲಿ ಗಾರೆ ಕೆಲಸ ಮಾಡಿದವರು. ಅಂಥವರು ಕಲ್ಲು ಹೊತ್ತು, ಸಿಮೆಂಟ್ ಕಲಸಿ ಕಟ್ಟಿದ ಮಾಳಿಗೆಗಳಲ್ಲಿ ಇಂದು ನಮ್ಮ ವಿಶ್ವವಿದ್ಯಾನಿಲಯಗಳು ನಡೆಯುತ್ತಿವೆ. ಶಿಕ್ಷಣನಗರಿ ಎಂಬ ಹೆಮ್ಮೆಯ ಮಾತು ಆಡುವಾಗ ಈ ಕೈಗಳ ನೆನಪು ಎಷ್ಟು ಮಂದಿಗೆ ಬರುತ್ತದೆ?

ಈಗ ಆ ಕೆಲಸಗಳಿಗೆ ಬಂಗಾಳ, ಒಡಿಶಾ, ಬಿಹಾರ, ಝಾರ್ಖಂಡ್‌ಗಳ ಯುವಕರೂ ಬಂದಿದ್ದಾರೆ. ಕಟ್ಟಡ, ಹೋಟೆಲು, ಮೀನುಗಾರಿಕಾ ದಕ್ಕೆ, ಎಲ್ಲೆಲ್ಲೂ ಅವರು. ಜುಮಾದ ದಿನ ಅವರಲ್ಲಿ ಹಲವರು ನಮ್ಮ ಸಾಲಿನಲ್ಲೇ ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತಾರೆ. ನಮಾಝಿನ ಬಳಿಕ ನಡೆಯುವ ಪ್ರವಚನ ಅವರಿಗೆ ಅರ್ಥವಾಗುವ ಭಾಷೆಯಲ್ಲಿಲ್ಲ. ಸಲಾಮ್ ಹೇಳಿ ಹೊರಬಂದ ಮೇಲೆ ನಾವೊಂದು ದಾರಿ, ಅವರೊಂದು ದಾರಿ. ಅವರು ಎಲ್ಲಿ ಮಲಗುತ್ತಾರೆ, ಜ್ವರ ಬಂದರೆ ಯಾರು ನೋಡುತ್ತಾರೆ, ಕೂಲಿ ಸರಿಯಾಗಿ ಸಿಗುತ್ತದೆಯೇ ಎಂದು ನಮ್ಮ ಎಷ್ಟು ಜಮಾಅತ್‌ಗಳು ವಿಚಾರಿಸಿವೆ? ಸಮುದಾಯದ ಹೊರಗೆ ಮಾತ್ರ ಅಪರಿಚಿತತೆ ಇದೆ ಎಂದುಕೊಂಡರೆ ಅದು ಭ್ರಮೆ.

ಕನ್ನಡದಲ್ಲಿ ‘ಗುರುತು ಪರಿಚಯ’ ಎಂದು ಜೋಡಿಯಾಗಿ ಹೇಳುವುದು ರೂಢಿ. ಗುರುತು ಪರಿಚಯ ಇಲ್ಲದವರು ಎನ್ನುತ್ತೇವೆ. ಈಗ ನಮ್ಮ ನಗರದಲ್ಲಿ ಈ ಜೋಡಿ ಬೇರೆಯಾಗಿದೆ. ಗುರುತು ಹೆಚ್ಚಾಗಿದೆ, ಪರಿಚಯ ಕಡಿಮೆಯಾಗಿದೆ. ಹೆಸರು, ಗಡ್ಡ, ಶಾಲು, ತಿಲಕ, ಶಿಲುಬೆ, ಕೈಯ ದಾರ ಇವುಗಳನ್ನು ನೋಡಿ ಯಾರು ಯಾರೆಂದು ಕ್ಷಣದಲ್ಲಿ ಹೇಳುತ್ತೇವೆ. ಅವರ ತಾಯಿಗೆ ಕಾಯಿಲೆಯೇ, ತಂಗಿಗೆ ಮದುವೆಯಾಯಿತೇ ಎಂಬುದು ಗೊತ್ತಿಲ್ಲ.

ಬಾಡಿಗೆ ಮನೆ ಹುಡುಕಿದವರಿಗೆ ಇದರ ಅನುಭವ ಚೆನ್ನಾಗಿ ಇದೆ. ನಮ್ಮ ಸಂಬಂಧಿಕರ ಮಗನೊಬ್ಬ ಇಂಜಿನಿಯರಿಂಗ್‌ಗೆ ಸೇರಿದಾಗ ಫ್ಲ್ಯಾಟ್ ಒಂದನ್ನು ನೋಡಲು ನಾವೂ ಜೊತೆಗೆ ಹೋಗಿದ್ದೆವು. ಫೋನಿನಲ್ಲಿ ಎಲ್ಲ ಮಾತು ಮುಗಿದಿತ್ತು. ಹೆಸರು ಹೇಳಿದ ಮೇಲೆ ಮಾಲಕರಿಗೆ ಅದು ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬುದು ನೆನಪಾಯಿತು. ಕೆಳಗಿನ ಮನೆಯಿಂದ ಬಂಗುಡೆ ಹುರಿಯುವ ಪರಿಮಳ ಬರುತ್ತಿತ್ತು! ಹುಡುಗ ಏನೂ ಹೇಳದೆ ಮೆಟ್ಟಿಲು ಇಳಿದ. ಹಾಗೆಂದು ಬೊಟ್ಟು ಒಂದೇ ಕಡೆಗೆ ಮಾಡುವಂತಿಲ್ಲ. ನಮ್ಮವರ ಕಟ್ಟಡಗಳಲ್ಲೂ ‘ನಮ್ಮವರಿಗೆ ಮಾತ್ರ’ ಎಂಬ ಮಾತು ಕೇಳುತ್ತಲೇ ಇದೆ. ಹೀಗೆ ಒಂದೊಂದು ಕಟ್ಟಡ ಒಂದೊಂದು ಸಮುದಾಯದ್ದಾಗುತ್ತಾ ಹೋದರೆ, ವೈವಿಧ್ಯದ ಈ ನಗರ ಬೇರೆ ಬೇರೆ ಡಬ್ಬಿಗಳನ್ನು ಜೋಡಿಸಿಟ್ಟ ಕಪಾಟಿನಂತಾಗುತ್ತದೆ.

ಪರಿಚಯವಿಲ್ಲದ ಕಡೆ ಸಂಶಯ ಬೇಗ ಬೆಳೆಯುತ್ತದೆ. 2009ರ ಜನವರಿ 24ರಂದು ಇಲ್ಲಿಯ ಪಬ್ ಒಂದರಲ್ಲಿ ಯುವತಿಯರನ್ನು ಅಟ್ಟಾಡಿಸಿ ಹೊಡೆದ ದೃಶ್ಯವನ್ನು ದೇಶವೇ ನೋಡಿತು. 2022ರಲ್ಲಿ ತಲೆವಸ್ತ್ರದ ವಿವಾದ ಉಡುಪಿಯಿಂದ ಮಂಗಳೂರಿನ ಕಾಲೇಜುಗಳಿಗೂ ಬಂದು, ಒಂದೇ ಬೆಂಚಿನಲ್ಲಿ ಕೂತವರ ನಡುವೆ ಗೋಡೆ ಎದ್ದಿತು. 2023ರ ಜೂನ್ 1ರಂದು ಸೋಮೇಶ್ವರದ ಕಡಲ ಕಿನಾರೆಗೆ ಹೋದ ಕೇರಳದ ವಿದ್ಯಾರ್ಥಿಗಳ ಮೇಲೆ, ಹುಡುಗರು ಒಂದು ಧರ್ಮದವರು ಹುಡುಗಿಯರು ಇನ್ನೊಂದು ಧರ್ಮದವರು ಎಂಬ ಕಾರಣಕ್ಕೆ ಹಲ್ಲೆ ನಡೆಯಿತು. ಒಂದೇ ತರಗತಿಯಲ್ಲಿ ಓದುವವರು ಸಮುದ್ರ ನೋಡಲು ಜೊತೆಗೆ ಹೋಗುವುದು ಅಪರಾಧವಾದರೆ, ಅವರ ತಂದೆತಾಯಂದಿರು ಮಕ್ಕಳನ್ನು ಈ ಊರಿಗೆ ಯಾವ ಧೈರ್ಯದಿಂದ ಕಳುಹಿಸಬೇಕು?

ಇವೆಲ್ಲಕ್ಕಿಂತ ಭೀಕರವಾದುದು 2025ರ ಎಪ್ರಿಲ್ 27ರದ್ದು. ನಗರದ ಹೊರವಲಯದ ಕುಡುಪುವಿನಲ್ಲಿ ಕ್ರಿಕೆಟ್ ಪಂದ್ಯ ನಡೆಯುತ್ತಿದ್ದ ಮೈದಾನದ ಬಳಿ, ಕೇರಳದ ವಯನಾಡು ಮೂಲದ, ಗುಜರಿ ಹೆಕ್ಕಿ ಬದುಕುತ್ತಿದ್ದ ಒಬ್ಬ ಮುಸ್ಲಿಮನನ್ನು ಗುಂಪೊಂದು ಹೊಡೆದು ಕೊಂದಿತು. ಮೊದಲಿಗೆ ಅದು ಅಪರಿಚಿತ ಶವ, ಅಸ್ವಾಭಾವಿಕ ಸಾವು ಎಂದಷ್ಟೇ ದಾಖಲಾಯಿತು. ಆಮೇಲೆ ಕೊಲೆ ಪ್ರಕರಣ ದಾಖಲಾಗಿ ಹಲವರ ಬಂಧನವಾಯಿತು. ಮುಂದಿನ ಮೇ ತಿಂಗಳಲ್ಲಿ ಜಿಲ್ಲೆಯಲ್ಲಿ ಮತ್ತೆ ಎರಡು ಕೊಲೆಗಳಾದವು. ಸತ್ತವರಲ್ಲಿ ಒಬ್ಬ ಹಿಂದೂ, ಒಬ್ಬ ಮುಸ್ಲಿಮ್. ‘ಅಪರಿಚಿತ’ ಎಂಬ ಪದ ಪೊಲೀಸ್ ಠಾಣೆಯ ಪುಸ್ತಕದಲ್ಲಿ ದಿನಾ ಬರೆಯುವ ಪದ. ಆದರೆ ಅಂದು ಅದನ್ನು ಓದಿದಾಗ ಗಂಟಲು ಕಟ್ಟಿತು. ಜನ ಸೇರಿದ್ದ ಮೈದಾನದ ಬಳಿ, ಹಾಡಹಗಲಿನಲ್ಲಿ, “ಅವನನ್ನು ಬಿಡಿ, ನನಗೆ ಅವನ ಪರಿಚಯ ಉಂಟು” ಎಂದು ಮುಂದೆ ಬರುವ ಒಬ್ಬರು ಇದ್ದಿದ್ದರೆ ಆ ಜೀವ ಉಳಿಯುತ್ತಿತ್ತೇನೋ.

ಪರಿಚಯದ ದಾರಿ ಮುಚ್ಚಿದಾಗ ಏನಾಗುತ್ತದೆ ಎಂಬುದಕ್ಕೆ ಇನ್ನೊಂದು ರೀತಿಯ ಸಾಕ್ಷಿ 2020ರಲ್ಲಿ ಸಿಕ್ಕಿತು. ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದರೂ ಅಲ್ಲಿಯವರ ಆಸ್ಪತ್ರೆ, ಕಾಲೇಜು, ಬಟ್ಟೆ ಅಂಗಡಿ, ಮದುವೆ ಸಂಬಂಧ ಎಲ್ಲವೂ ಮಂಗಳೂರಿನೊಂದಿಗೆ. ಕೊರೋನಾ ಹರಡತೊಡಗಿದಾಗ ಮಾರ್ಚ್ ತಿಂಗಳಲ್ಲಿ ತಲಪಾಡಿಯ ಗಡಿ ಮುಚ್ಚಲಾಯಿತು, ಒಳರಸ್ತೆಗಳಿಗೆ ಮಣ್ಣು ಸುರಿಯಲಾಯಿತು. ಮಂಗಳೂರಿನ ಆಸ್ಪತ್ರೆ ತಲುಪಲಾಗದೆ ಕಾಸರಗೋಡಿನ ಹಲವು ರೋಗಿಗಳು ತೀರಿಕೊಂಡರು. ವಿಷಯ ಕೇರಳ ಹೈಕೋರ್ಟಿಗೂ ಅಲ್ಲಿಂದ ಸುಪ್ರೀಂ ಕೋರ್ಟಿಗೂ ಹೋದ ಬಳಿಕ ಎಪ್ರಿಲ್‌ನಲ್ಲಿ ರೋಗಿಗಳ ಸಂಚಾರಕ್ಕೆ ನಿಯಮ ರೂಪಿಸಲಾಯಿತು. ಮರು ವರ್ಷ, 2021ರ ಆಗಸ್ಟಿನಲ್ಲಿ, ಕಾಬೂಲ್ ತಾಲಿಬಾನ್ ಕೈಗೆ ಹೋದಾಗ, ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ವಿದ್ಯಾರ್ಥಿವೇತನದ ಮೇಲೆ ಓದುತ್ತಿದ್ದ ಅಫ್ಘಾನ್ ವಿದ್ಯಾರ್ಥಿಗಳು ಊರಿನ ಸುದ್ದಿಗಾಗಿ ಫೋನ್ ಹಿಡಿದು ಚಡಪಡಿಸಿದರು. ಕಾಬೂಲಿನ ದುಃಖ ಕೊಣಾಜೆಯ ಹಾಸ್ಟೆಲಿನಲ್ಲಿತ್ತು. ಕೆಳಗಿನ ಪೇಟೆಯವರಲ್ಲಿ ಎಷ್ಟು ಮಂದಿಗೆ ಅದು ಗೊತ್ತಿತ್ತು?

ಜನಾಂಗಗಳೂ ಗೋತ್ರಗಳೂ ಬೇರೆ ಬೇರೆ ಆಗಿರುವುದು ಪರಸ್ಪರ ಅರಿತುಕೊಳ್ಳುವುದಕ್ಕಾಗಿ ಎಂಬ ಕುರ್‌ಆನಿನ ಬೋಧನೆಯನ್ನು ನಾವು ವೇದಿಕೆಗಳಲ್ಲಿ ಮತ್ತೆ ಮತ್ತೆ ಹೇಳುತ್ತೇವೆ. ಸಹಿಷ್ಣುತೆ ಅದಕ್ಕಿಂತ ಸುಲಭದ ಕೆಲಸ. ಬಾಗಿಲು ಹಾಕಿಕೊಂಡೂ ಸಹಿಷ್ಣುವಾಗಿ ಇರಬಹುದು. ಅರಿತುಕೊಳ್ಳಬೇಕಾದರೆ ಬಾಗಿಲು ತೆರೆಯಬೇಕು, ಎರಡು ಮಾತಾಡಬೇಕು, ಚಹಾ ಕೊಡಬೇಕು, ಒಮ್ಮೊಮ್ಮೆ ಮನೆಯವರ ಅಸಮಾಧಾನವನ್ನೂ ತಾಳಿಕೊಳ್ಳಬೇಕು. ಮಣಿಪುರದ ಹುಡುಗಿಯರ ಅಡುಗೆಯ ಬಗ್ಗೆ ದೂರು ಬಂದಾಗ ನಾವು ಮಾಡಿದ್ದು ಇಷ್ಟೇ: ಆ ಮೀನಿನ ಪಲ್ಯವನ್ನು ಒಂದು ತಟ್ಟೆಯಲ್ಲಿ ಕೇಳಿ ಪಡೆದೆವು, ಬದಲಿಗೆ ನಮ್ಮ ಒಣಮೀನಿನ ಚಟ್ನಿ ಕೊಟ್ಟೆವು. ಅವರದ್ದು ನಮಗೆ ರುಚಿಸಲಿಲ್ಲ, ನಮ್ಮದು ಅವರಿಗೆ ಖಾರವಾಯಿತು. ಆದರೆ ಮರುದಿನದಿಂದ ಮೆಟ್ಟಿಲಿನಲ್ಲಿ ಮಾತು ಶುರುವಾಯಿತು.

ಇದನ್ನು ಸ್ವಲ್ಪ ವ್ಯವಸ್ಥಿತವಾಗಿಯೂ ಮಾಡಬಹುದು. ಬಾಡಿಗೆಗೆ ಕೊಡುವವರು ಕಾಲೇಜಿನ ಗುರುತುಚೀಟಿ ಕೇಳಲಿ, ಮನೆಯ ನಿಯಮ ಸ್ಪಷ್ಟವಾಗಿ ಹೇಳಲಿ. ಹೆಸರು ಕೇಳಿ ಬಾಗಿಲು ಹಾಕುವುದು ಬೇಡ. ಮಸೀದಿಗಳು ವಾರಕ್ಕೊಮ್ಮೆಯಾದರೂ ವಲಸೆ ಕಾರ್ಮಿಕರಿಗೆ ಅರ್ಥವಾಗುವ ಭಾಷೆಯಲ್ಲಿ ಹತ್ತು ನಿಮಿಷ ಮಾತಾಡಲಿ. ಅವರು ಯಾವ ಧರ್ಮದವರೆಂದು ನೋಡದೆ ಆಸ್ಪತ್ರೆ, ಪೊಲೀಸ್ ಠಾಣೆ, ಬ್ಯಾಂಕಿನ ಕೆಲಸಕ್ಕೆ ಜೊತೆಗೆ ಹೋಗುವ ನಾಲ್ಕು ಯುವಕರನ್ನು ಸಿದ್ಧಪಡಿಸಲಿ. ಇಂಜಿನಿಯರಿಂಗ್ ಪಠ್ಯಕ್ರಮದಲ್ಲಿ ಹೊರಗಿನವರಿಗೆ ‘ಬಳಕೆ ಕನ್ನಡ’ ಎಂಬ ವಿಷಯ ಇದೆ. ಆದರೆ ಬಳಕೆಯ ಮಾತು ಬ್ಲಾಕ್‌ಬೋರ್ಡಿನಿಂದ ಬರುವುದು ಕಷ್ಟ. ಕಾಲೇಜುಗಳು ವಿದ್ಯಾರ್ಥಿಗಳನ್ನು ಆಸುಪಾಸಿನ ಮನೆ, ಮಾರುಕಟ್ಟೆ, ವಾಚನಾಲಯಗಳಿಗೆ ಕಳುಹಿಸಿದರೆ ಅವರು ಕನ್ನಡದ ಜೊತೆಗೆ ಹತ್ತು ತುಳು ಪದಗಳನ್ನೂ ಕಲಿತಾರು, ನಾವೂ ಅವರ ಭಾಷೆಯ ಎರಡು ಪದ ಕಲಿತೇವು.

ಈ ಊರಿನ ಕಾಲೇಜುಗಳನ್ನು ಕಟ್ಟಿದವರು ಕ್ರೈಸ್ತರು, ಹಿಂದೂಗಳು, ಮುಸ್ಲಿಮರು ಎಲ್ಲರೂ ಇದ್ದಾರೆ. ಅಲೋಶಿಯಸ್‌ನಲ್ಲಿ ಓದಿದ ಬ್ಯಾರಿಗಳಿಗೆ ಲೆಕ್ಕವಿಲ್ಲ. ಮುಸ್ಲಿಮರು ಕಟ್ಟಿದ ಕಾಲೇಜುಗಳಲ್ಲಿ ಇಂದು ಎಲ್ಲ ಧರ್ಮದವರೂ ಓದುತ್ತಿದ್ದಾರೆ, ಕಲಿಸುತ್ತಿದ್ದಾರೆ. ಹಾಗಾಗಿ ಬೆಂಚು ಇನ್ನೂ ಎಲ್ಲರದ್ದಾಗಿ ಉಳಿದಿದೆ. ಬೆಂಚಿನಿಂದ ಎದ್ದು ಹೋಗುವ ದಾರಿ, ಕೋಣೆ, ಕಡಲ ಕಿನಾರೆ, ಬಸ್ಸಿನ ಸೀಟು ಕೂಡ ಹಾಗೆಯೇ ಇರಬೇಕು.

ಮುಂದಿನ ಜನಗಣತಿಯವರು ಬಂದಾಗ ನಮ್ಮ ಓಣಿಯ ಪ್ರತಿಯೊಬ್ಬರ ಧರ್ಮ, ಮಾತೃಭಾಷೆ, ಹುಟ್ಟಿದ ಊರು ಬರೆದುಕೊಂಡು ಹೋಗುತ್ತಾರೆ. ಆ ಲೆಕ್ಕದಲ್ಲಿ ಮಂಗಳೂರಿನ ವೈವಿಧ್ಯ ಹಿಂದೆಂದಿಗಿಂತ ಹೆಚ್ಚಾಗಿ ಕಾಣುವುದು ಖಂಡಿತ. ಎದುರು ಮನೆಯ ಬಾಡಿಗೆದಾರರ ಹೆಸರನ್ನು ಗಣತಿದಾರರು ಕೇಳಿದಾಗ, ಅದನ್ನು ಹೇಳಲಿಕ್ಕೆ ನಮಗೆ ಗೊತ್ತಿದೆಯೇ? ಗೊತ್ತಿಲ್ಲವಾದರೆ, ಅವರು ಬರುವ ಮೊದಲು ಒಮ್ಮೆ ಹೋಗಿ ಕೇಳಿಕೊಂಡು ಬರೋಣ.